ಕೋಲಾರದ ಮನೆಯಲ್ಲಿ ಕಡಲ ತೊಟ್ಟಿ: ಮೀನು ಮಂಕಾದಾಗ ನೀರನ್ನು ಪರೀಕ್ಷಿಸುವ ಕ್ರಮ

ಕೋಲಾರದಲ್ಲಿ ಉಪ್ಪುನೀರಿನ ಅಕ್ವೇರಿಯಂ ಇಡುವವರಿಗೆ ಕರಾವಳಿಯವರಿಗಿಲ್ಲದ ಒಂದು ಹೊರೆ ಇದೆ. ಮೀನು ತರುವುದಕ್ಕೆ ಮುಂಚೆ ಸಮುದ್ರವನ್ನೇ ಮನೆಯಲ್ಲಿ ತಯಾರಿಸಿಕೊಳ್ಳಬೇಕು, ಅದೂ ಸಾವಿರ ಅಡಿಗೂ ಆಳದ ಕೊಳವೆಬಾವಿಯ ನೀರಿನಿಂದ, ಇಲ್ಲವೇ ಟ್ಯಾಂಕರಿನವರು ಎಲ್ಲಿ ತುಂಬಿಸಿಕೊಂಡು ಬಂದರೆಂದು ತಿಳಿಯದ ನೀರಿನಿಂದ. ಹೊಸ ತೊಟ್ಟಿಯ ಮೊದಲ ಮೂರು ತಿಂಗಳಲ್ಲಿ ಕಾಣಿಸಿಕೊಳ್ಳುವ ತೊಂದರೆಗಳಲ್ಲಿ ಹೆಚ್ಚಿನವು ಈ ತಯಾರಿಕೆಯಲ್ಲಿ ಆದ ತಪ್ಪುಗಳೇ. ಹಾಗಿದ್ದೂ ಮೀನು ಮೂಲೆ ಹಿಡಿದು ನಿಂತ ಕೂಡಲೇ ನಮ್ಮ ಕೈ ಔಷಧಿಯ ಸೀಸೆಯತ್ತ ಹೋಗುತ್ತದೆ. ನನ್ನ ಮೊದಲ ತೊಟ್ಟಿಯಲ್ಲಿ ಎರಡು ಕ್ಲೌನ್ ಮೀನುಗಳು ಮೇವು ಬಿಟ್ಟಾಗ ನಾನೂ ಅಂಗಡಿಯವರು ಕೊಟ್ಟ ನೀಲಿ ಔಷಧಿಯನ್ನು ಸುರಿದೆ. ಅದು ಮಿಥಿಲೀನ್ ಬ್ಲೂ, ಫಿಲ್ಟರಿನಲ್ಲಿ ಆಗತಾನೇ ನೆಲೆಯೂರುತ್ತಿದ್ದ ಉಪಯುಕ್ತ ಬ್ಯಾಕ್ಟೀರಿಯಾವನ್ನೇ ಕೊಲ್ಲಬಲ್ಲದ್ದು ಎಂದು ತಿಳಿಯುವಷ್ಟರಲ್ಲಿ ಎರಡೂ ಮೀನುಗಳು ಹೋಗಿದ್ದವು. ಮೀನುಗಳಿಗೆ ರೋಗವೇ ಇರಲಿಲ್ಲ, ನೀರಿನಲ್ಲಿ ಉಪ್ಪು ಹೆಚ್ಚಾಗಿತ್ತು. ಆ ನಷ್ಟದ ನಂತರ ನಾನು ಅನುಸರಿಸುತ್ತಿರುವ ಕ್ರಮವನ್ನು ಇಲ್ಲಿ ಬರೆಯುತ್ತಿದ್ದೇನೆ.

ಮೊದಲ ಹತ್ತು ನಿಮಿಷ ಏನನ್ನೂ ಹಾಕದೆ ನೋಡಬೇಕು. ತೊಂದರೆ ಎಲ್ಲ ಮೀನುಗಳಿಗೂ ಒಟ್ಟಿಗೆ, ಕೆಲವೇ ಗಂಟೆಗಳಲ್ಲಿ ಬಂದಿದ್ದರೆ ಕಾರಣ ನೀರಿನಲ್ಲಿದೆ: ಆಮ್ಲಜನಕ, ಅಮೋನಿಯಾ, ಉಷ್ಣಾಂಶ ಅಥವಾ ಹೊರಗಿನ ವಿಷ. ಒಂದೇ ಮೀನು ಮಂಕಾಗಿ ಉಳಿದವು ಎಂದಿನಂತೆ ತಿನ್ನುತ್ತಿದ್ದರೆ ರೋಗವನ್ನೋ ಜೊತೆಯ ಮೀನಿನ ಕಾಟವನ್ನೋ ಅನುಮಾನಿಸಬಹುದು. ಡ್ಯಾಮ್ಸೆಲ್ ಜಾತಿಯ ಮೀನಿದ್ದರೆ ಎರಡನೆಯದೇ ಹೆಚ್ಚು ಸಂಭವ. ಮೀನುಗಳು ಚೆನ್ನಾಗಿದ್ದು ಸೀಗಡಿ, ಬಸವನಹುಳು, ಶಂಖದೊಳಗಿನ ಏಡಿ ಮಾತ್ರ ಸಾಯುತ್ತಿದ್ದರೆ ತಾಮ್ರ, ಕೀಟನಾಶಕ ಅಥವಾ ಲವಣಾಂಶದ ಏರುಪೇರನ್ನು ಹುಡುಕಬೇಕು. ಬೆಳಗಿನ ಜಾವ ಏದುಸಿರು ಬಿಟ್ಟು ಮಧ್ಯಾಹ್ನಕ್ಕೆ ಸುಧಾರಿಸುವ ಮೀನಿಗೆ ರಾತ್ರಿ ಆಮ್ಲಜನಕ ಸಾಲುತ್ತಿಲ್ಲ. ಕಿವಿರು ನಿಮಿಷಕ್ಕೆ ಎಷ್ಟು ಸಲ ತೆರೆದು ಮುಚ್ಚುತ್ತದೆ ಎಂಬುದನ್ನು ಮೀನು ಆರೋಗ್ಯವಾಗಿದ್ದಾಗಲೇ ಎಣಿಸಿ ಬರೆದಿಟ್ಟುಕೊಂಡಿದ್ದರೆ, ಉಸಿರು ನಿಜಕ್ಕೂ ಹೆಚ್ಚಾಗಿದೆಯೋ ನಮ್ಮ ಆತಂಕಕ್ಕೆ ಹಾಗೆ ಕಾಣುತ್ತಿದೆಯೋ ಎಂಬುದು ತೀರ್ಮಾನವಾಗುತ್ತದೆ. ಅಂದ ಹಾಗೆ, ಸೀಗಡಿಯ ಖಾಲಿ ಮೈಯೊಂದು ತಳದಲ್ಲಿ ಬಿದ್ದಿದ್ದರೆ ಅದು ಪೊರೆ ಕಳಚಿರಲಿಕ್ಕೂ ಸಾಕು. ಕಲ್ಲಿನ ಸಂದುಗಳನ್ನು ನೋಡದೆ ದುಃಖಪಡಬೇಕಾಗಿಲ್ಲ.

ಉಸಿರಾಟ ಹೆಚ್ಚಾಗಿದ್ದರೆ ಪರೀಕ್ಷೆಗಳಿಗಿಂತ ಮೊದಲು ಗಾಳಿ ಕೊಡಬೇಕು. ಉಪ್ಪುನೀರು ಸಿಹಿನೀರಿಗಿಂತ ಸುಮಾರು ಶೇ. 20ರಷ್ಟು ಕಡಿಮೆ ಆಮ್ಲಜನಕವನ್ನು ಹಿಡಿದಿಡುತ್ತದೆ. ಅದರ ಮೇಲೆ ನಮ್ಮ ಊರು ಸಮುದ್ರಮಟ್ಟದಿಂದ 800 ಮೀಟರಿಗೂ ಎತ್ತರದಲ್ಲಿರುವುದರಿಂದ ವಾಯುಭಾರ ಕಡಿಮೆ, ಆ ಲೆಕ್ಕದಲ್ಲಿ ಇನ್ನೂ ಶೇ. 9ರಷ್ಟು ಕಡಿತವಾಗುತ್ತದೆ. ಕಡಲ ದಡದ ಊರುಗಳಲ್ಲಿ ಸಾಲುವ ಅಲೆ ಇಲ್ಲಿ ಸಾಲದೆ ಹೋಗಬಹುದು. ಪವರ್‌ಹೆಡ್ಡಿನ (ತೊಟ್ಟಿಯೊಳಗೆ ನೀರು ತಳ್ಳುವ ಚಿಕ್ಕ ಪಂಪಿನ) ಮುಖವನ್ನು ಮೇಲಕ್ಕೆ ತಿರುಗಿಸಿ ನೀರಿನ ಮೇಲ್ಮೈ ಸದಾ ಕದಡುವಂತೆ ಇಡಬೇಕು, ತೊಟ್ಟಿಯ ಮೇಲೆ ಗಾಜಿನ ಮುಚ್ಚಳವಿದ್ದರೆ ತೆಗೆದು ಬಲೆ ಹಾಕಬೇಕು. ಕರೆಂಟು ಹೋದಾಗ ತಾನಾಗಿಯೇ ಚಾಲೂ ಆಗುವ ಬ್ಯಾಟರಿ ಗಾಳಿಪಂಪು ಮೀನಿಗಿಂತ ಮೊದಲು ಮನೆಗೆ ಬರಬೇಕಾದ ವಸ್ತು. ತೊಟ್ಟಿಯ ಹೊರಗಿಡುವ, ಮುಚ್ಚಿದ ಡಬ್ಬಿಯಂಥ ಕ್ಯಾನಿಸ್ಟರ್ ಫಿಲ್ಟರ್ ಹಲವು ಗಂಟೆ ನಿಂತುಹೋಗಿದ್ದರೆ ಒಳಗಿನ ನೀರು ಗಾಳಿಯಿಲ್ಲದೆ ಕೆಟ್ಟಿರುತ್ತದೆ. ಅದನ್ನು ಹೊರಚೆಲ್ಲಿ, ಸ್ಪಂಜನ್ನು ತೊಟ್ಟಿಯ ನೀರಿನಲ್ಲೇ ತೊಳೆದ ಮೇಲೆಯೇ ಮತ್ತೆ ಚಾಲೂ ಮಾಡಬೇಕು.

ಲವಣಾಂಶ ಮತ್ತು ಆವಿಯ ಲೆಕ್ಕ

ಗಾಳಿಯ ನಂತರ ನೋಡಬೇಕಾದ್ದು ಲವಣಾಂಶ. ಸಮುದ್ರದ ನೀರಿನಲ್ಲಿ ಕಿಲೋಗೆ ಸುಮಾರು 35 ಗ್ರಾಂ ಉಪ್ಪು ಇರುತ್ತದೆ, 25 ಡಿಗ್ರಿ ಉಷ್ಣಾಂಶದಲ್ಲಿ ಅದರ ಸಾಪೇಕ್ಷ ಸಾಂದ್ರತೆ 1.026ರ ಆಸುಪಾಸು. ಸಾಂದ್ರತೆ ಅಳೆಯುವ ಅಗ್ಗದ ಪ್ಲಾಸ್ಟಿಕ್ ಹೈಡ್ರೋಮೀಟರಿನ ಮುಳ್ಳಿಗೆ ಒಂದು ಗುಳ್ಳೆ ಅಂಟಿಕೊಂಡರೂ ಅದು ಇದ್ದುದಕ್ಕಿಂತ ಹೆಚ್ಚು ತೋರಿಸುತ್ತದೆ. ಬೆಳಕಿನ ಬಾಗುವಿಕೆಯಿಂದ ಲವಣಾಂಶ ಅಳೆಯುವ ರಿಫ್ರ್ಯಾಕ್ಟೋಮೀಟರ್ ಇದ್ದವರು ಅದನ್ನು ಬರಿಯ ನೀರಿನಿಂದ ಸೊನ್ನೆಗೆ ಹೊಂದಿಸಿ ಸುಮ್ಮನಾಗದೆ, 35 ಪಿ.ಪಿ.ಟಿ. (ಸಾವಿರಕ್ಕೆ 35 ಭಾಗ) ಎಂದು ಬರೆದಿರುವ ಮಾನಕ ದ್ರಾವಣದಿಂದ ತಿಂಗಳಿಗೊಮ್ಮೆ ಸರಿಹೊಂದಿಸಿಕೊಳ್ಳಬೇಕು. ಸೊನ್ನೆಯಲ್ಲಿ ಸರಿಯಿರುವ ಉಪಕರಣ 35ರಲ್ಲಿ ತಪ್ಪು ಹೇಳುವುದು ಅಪರೂಪವಲ್ಲ.

ನಮ್ಮ ಜಿಲ್ಲೆಯ ಒಣ ಗಾಳಿಯಲ್ಲಿ ಆವಿಯೇ ದೊಡ್ಡ ಕಳ್ಳ. ಆವಿಯಾಗಿ ಹೋಗುವುದು ನೀರು ಮಾತ್ರ, ಉಪ್ಪು ತೊಟ್ಟಿಯಲ್ಲೇ ಉಳಿಯುತ್ತದೆ. 200 ಲೀಟರಿನ ತೊಟ್ಟಿಯಿಂದ ಬೇಸಿಗೆಯಲ್ಲಿ ದಿನಕ್ಕೆ 3 ಲೀಟರ್ ಹೋಗುತ್ತದೆ ಎಂದಿಟ್ಟುಕೊಳ್ಳೋಣ. ಆ ಖಾಲಿಯನ್ನು ಉಪ್ಪು ಬೆರೆಸಿದ ನೀರಿನಿಂದ ತುಂಬುತ್ತಾ ಹೋದರೆ 35 ಇದ್ದ ಲವಣಾಂಶ ಒಂದೇ ವಾರದಲ್ಲಿ 38.7ಕ್ಕೆ ಏರುತ್ತದೆ. ನನ್ನ ಕ್ಲೌನ್ ಮೀನುಗಳಿಗೆ ಆದದ್ದು ಇದೇ: ಕಡಲ ತೊಟ್ಟಿಗೆ ಕಡಲ ನೀರನ್ನೇ ಹಾಕಬೇಕೆಂಬ ಮುಗ್ಧ ತರ್ಕ. ಗಾಜಿನ ಮೇಲೆ ಒಂದು ಗೆರೆ ಎಳೆದಿಟ್ಟು, ನೀರು ಅದರಿಂದ ಕೆಳಗಿಳಿದಷ್ಟನ್ನು ದಿನವೂ ಬೆಳಿಗ್ಗೆ ಉಪ್ಪಿಲ್ಲದ ಶುದ್ಧ ನೀರಿನಿಂದ ತುಂಬಬೇಕು. ಲವಣಾಂಶ ಈಗಾಗಲೇ ಏರಿದ್ದರೆ ಸ್ವಲ್ಪ ಸ್ವಲ್ಪವಾಗಿ ಇಳಿಸಬೇಕು. ಇಳಿಕೆಯನ್ನು ಮೀನು ಸಹಿಸಿಕೊಳ್ಳುತ್ತದೆ, ಏರಿಕೆಯನ್ನು ಅಷ್ಟಾಗಿ ಸಹಿಸುವುದಿಲ್ಲ. ಏರಿಸಬೇಕಾದಾಗ ದಿನಕ್ಕೆ 0.001ರಿಂದ 0.002 ಸಾಂದ್ರತೆಯನ್ನು ಮೀರಬಾರದು. ಸೀಗಡಿ ಮತ್ತು ಬಸವನಹುಳುಗಳಿಗೆ ಎರಡೂ ದಿಕ್ಕಿನ ಅವಸರ ಅಪಾಯಕಾರಿ.

ಇದೇ ಒಣ ಗಾಳಿಯಿಂದ ಒಂದು ಲಾಭವೂ ಇದೆ. ಏಪ್ರಿಲ್ ತಿಂಗಳಲ್ಲಿ ತೊಟ್ಟಿಯ ನೀರು 30 ಡಿಗ್ರಿ ದಾಟಿದಾಗ ದುಬಾರಿ ಚಿಲ್ಲರ್ ಇಲ್ಲದೆಯೂ, ನೀರಿನ ಮೇಲ್ಮೈಗೆ ಓರೆಯಾಗಿ ಗಾಳಿ ಬೀಸುವ ಒಂದು ಚಿಕ್ಕ ಫ್ಯಾನು ಎರಡು-ಮೂರು ಡಿಗ್ರಿ ಇಳಿಸಿಬಿಡುತ್ತದೆ. ಕರಾವಳಿಯ ತೇವದ ಗಾಳಿಯಲ್ಲಿ ಈ ಉಪಾಯ ಇಷ್ಟು ಫಲಿಸುವುದಿಲ್ಲ. ಫ್ಯಾನು ಹಾಕಿದ ದಿನದಿಂದ ಆವಿ ಹೆಚ್ಚುತ್ತದೆ, ಹಾಗಾಗಿ ಗೆರೆಯ ಮೇಲೆ ಕಣ್ಣಿರಲಿ. ಡಿಸೆಂಬರ್-ಜನವರಿಯ ರಾತ್ರಿಗಳಲ್ಲಿ ಹೀಟರ್ ಬೇಕೇ ಬೇಕು. ಗುರಿ 24ರಿಂದ 27 ಡಿಗ್ರಿ. ಅದಕ್ಕಿಂತಲೂ ಮುಖ್ಯವಾದದ್ದು ಹಗಲು-ರಾತ್ರಿಗಳ ನಡುವೆ ಒಂದು ಡಿಗ್ರಿಗಿಂತ ಹೆಚ್ಚು ಏರಿಳಿತ ಆಗದಿರುವುದು.

ಅಮೋನಿಯಾ

ಹೊಸ ತೊಟ್ಟಿಯಲ್ಲಿ ಮೀನಿನ ತ್ಯಾಜ್ಯ ಮತ್ತು ಉಳಿದ ಮೇವು ಅಮೋನಿಯಾ ಆಗುತ್ತವೆ, ಒಂದು ಬಗೆಯ ಬ್ಯಾಕ್ಟೀರಿಯಾ ಅದನ್ನು ನೈಟ್ರೈಟ್ ಮಾಡುತ್ತದೆ, ಇನ್ನೊಂದು ಬಗೆ ನೈಟ್ರೈಟನ್ನು ನೈಟ್ರೇಟ್ ಮಾಡುತ್ತದೆ. ಈ ಸರಪಳಿ ಕೂಡಿಕೊಳ್ಳಲು ಸಾಮಾನ್ಯವಾಗಿ ಮೂರರಿಂದ ಆರು ವಾರ ಬೇಕು. ಸಿಹಿನೀರಿನಲ್ಲಿ ಗೋಲ್ಡ್ ಫಿಶ್ ಸಾಕಿದ ಅನುಭವಿಗಳು ಇಲ್ಲಿ ಎಡವುತ್ತಾರೆ. ಅಮೋನಿಯಾದ ವಿಷ ಪಿ.ಎಚ್. ಅನ್ನು, ಅಂದರೆ ನೀರಿನ ಆಮ್ಲ-ಕ್ಷಾರ ಮಟ್ಟವನ್ನು, ಅವಲಂಬಿಸಿದೆ: ಪಿ.ಎಚ್. 7 ಇರುವ ಸಿಹಿನೀರಿಗೆ ಹೋಲಿಸಿದರೆ 8.2 ಇರುವ ಕಡಲ ನೀರಿನಲ್ಲಿ ಒಟ್ಟು ಅಮೋನಿಯಾದ ವಿಷಕಾರಿ ಭಾಗ ಸುಮಾರು ಹತ್ತು ಪಟ್ಟು ಹೆಚ್ಚಿರುತ್ತದೆ. ಅಲ್ಲಿ ತಡೆದುಕೊಂಡ ಪ್ರಮಾಣವೇ ಇಲ್ಲಿ ಕಿವಿರನ್ನು ಸುಡುತ್ತದೆ. ನೈಟ್ರೈಟಿನ ವಿಷಯದಲ್ಲಿ ಮಾತ್ರ ಕಡಲ ಮೀನಿಗೆ ಅನುಕೂಲವಿದೆ, ನೀರಿನಲ್ಲಿರುವ ಕ್ಲೋರೈಡ್ ಅದು ದೇಹಕ್ಕೆ ಸೇರುವುದನ್ನು ಬಹುಮಟ್ಟಿಗೆ ತಡೆಯುತ್ತದೆ. ಆದ್ದರಿಂದ ನೈಟ್ರೈಟ್ ಕಂಡು ಗಾಬರಿಯಾಗುವುದಕ್ಕಿಂತ ಅದನ್ನು ಸರಪಳಿ ಇನ್ನೂ ಪೂರ್ತಿಯಾಗಿಲ್ಲ ಎಂಬ ಸೂಚನೆಯಾಗಿ ಓದಿಕೊಳ್ಳುವುದು ಸರಿ.

ಪರೀಕ್ಷಾ ಕಿಟ್ಟಿನ ಬಣ್ಣ ಹಳದಿಯೋ ತಿಳಿಹಸಿರೋ ಎಂದು ಮನೆಮಂದಿಯೆಲ್ಲ ಚರ್ಚಿಸುವ ಪರಿಸ್ಥಿತಿ ಬಂದರೆ ಒಂದು ಸುಲಭದ ದಾರಿಯಿದೆ. ಮೀನೇ ಇಲ್ಲದ, ಹೊಸದಾಗಿ ಬೆರೆಸಿದ ಉಪ್ಪುನೀರನ್ನು ಅದೇ ಕಿಟ್ಟಿನಿಂದ ಪರೀಕ್ಷಿಸಿ, ಎರಡು ನಳಿಕೆಗಳನ್ನು ಬಿಳಿ ಕಾಗದದ ಮುಂದೆ ಅಕ್ಕಪಕ್ಕ ಹಿಡಿಯಬೇಕು. ಎರಡೂ ಒಂದೇ ಬಣ್ಣವಾದರೆ ಕಿಟ್ಟು ತೋರಿಸುತ್ತಿರುವ 0.25 ಪಿ.ಪಿ.ಎಂ. (ಹತ್ತು ಲಕ್ಷಕ್ಕೆ ಇಷ್ಟು ಭಾಗ) ಎಂಬುದು ಕಿಟ್ಟಿನದೇ ದೋಷ. ಇಲ್ಲವೇ ಉಪ್ಪಿನಲ್ಲೇ ಅಮೋನಿಯಾ ಇದೆ. ತೊಟ್ಟಿಯ ನಳಿಕೆ ಮಾತ್ರ ಹಸಿರಾದರೆ ಅಮೋನಿಯಾ ನಿಜ. ಆಗ ಅರ್ಧ ನೀರನ್ನು ಬದಲಿಸಬೇಕು, ಮೇವನ್ನು ಎರಡು ದಿನ ನಿಲ್ಲಿಸಬೇಕು, ಸತ್ತ ಜೀವಿ ಕಲ್ಲಿನ ಹಿಂದೆ ಕೊಳೆಯುತ್ತಿದೆಯೇ ಎಂದು ಹುಡುಕಬೇಕು. ಅರ್ಧ ನೀರು ಬದಲಿಸಿದರೆ ಅಮೋನಿಯಾ ಅರ್ಧಕ್ಕಷ್ಟೇ ಇಳಿಯುವುದರಿಂದ ಮರುದಿನ ಮತ್ತೆ ಅಳೆದು, ಬೇಕಾದರೆ ಮತ್ತೆ ಬದಲಿಸಬೇಕು. ಫಿಲ್ಟರಿನ ಸ್ಪಂಜನ್ನು ನಲ್ಲಿಯ ಕೆಳಗೆ ತೊಳೆಯುವ ಉಮೇದು ಬಂದರೆ ಹತ್ತಿಕ್ಕಿಕೊಳ್ಳಬೇಕು. ಬ್ಲೀಚಿಂಗ್ ಪುಡಿ ಬೆರೆತ ನಗರಸಭೆಯ ನೀರು ಸ್ಪಂಜಿನ ಬ್ಯಾಕ್ಟೀರಿಯಾವನ್ನು ಕೊಂದರೆ ಲೆಕ್ಕ ಮತ್ತೆ ಮೊದಲ ವಾರದಿಂದ ಶುರು.

ಇನ್ನೂ ಮೀನು ತಂದಿರದವರು ಅದೃಷ್ಟವಂತರು. ಅಮೋನಿಯಂ ಕ್ಲೋರೈಡ್ ದ್ರಾವಣದಿಂದ ತೊಟ್ಟಿಯಲ್ಲಿ 2 ಪಿ.ಪಿ.ಎಂ. ಅಮೋನಿಯಾ ಆಗುವಂತೆ ಹಾಕಿ, ಅದು 24 ಗಂಟೆಯೊಳಗೆ ಅಮೋನಿಯಾ, ನೈಟ್ರೈಟ್ ಎರಡರಲ್ಲೂ ಸೊನ್ನೆಗೆ ಇಳಿಯುವವರೆಗೆ ಕಾಯುವುದು ಸರಿಯಾದ ಪರೀಕ್ಷೆ. ಆಮೇಲೂ ಒಂದೇ ಸಲಕ್ಕೆ ಆರು ಮೀನು ತರದೆ ಒಂದು ಅಥವಾ ಎರಡು ತಂದು, ಎರಡು ವಾರ ಬಿಟ್ಟು ಮುಂದಿನದನ್ನು ಯೋಚಿಸಬೇಕು.

ಮೂಲದ ನೀರು

ಕೋಲಾರದಲ್ಲಿ ತೊಟ್ಟಿಯ ಸಮಸ್ಯೆಯ ಬೇರು ಬಹುತೇಕ ಇಲ್ಲಿರುತ್ತದೆ. ನಮ್ಮ ಕೊಳವೆಬಾವಿಗಳ ನೀರಿನಲ್ಲಿ ಗಡಸುತನ, ನೈಟ್ರೇಟ್, ಫ್ಲೋರೈಡ್ ಹೆಚ್ಚಿರುವುದು ಎಲ್ಲರಿಗೂ ಗೊತ್ತು. ಫ್ಲೋರೈಡಿನ ಬಗ್ಗೆ ಇಲ್ಲಿ ಅಷ್ಟು ತಲೆಕೆಡಿಸಿಕೊಳ್ಳಬೇಕಾಗಿಲ್ಲ, ಸಮುದ್ರದ ನೀರಿನಲ್ಲೇ ಲೀಟರಿಗೆ ಸುಮಾರು 1.3 ಮಿಲಿಗ್ರಾಂ ಫ್ಲೋರೈಡ್ ಇದೆ. ತೊಂದರೆ ಕೊಡುವುದು ನೈಟ್ರೇಟ್. ಕುಡಿಯುವ ನೀರಿಗೆ ಭಾರತೀಯ ಮಾನಕ ಒಪ್ಪುವ ಮಿತಿ ಲೀಟರಿಗೆ 45 ಮಿಲಿಗ್ರಾಂ. ಅಷ್ಟು ನೈಟ್ರೇಟ್ ಇರುವ ನೀರಿನಲ್ಲಿ ಸಮುದ್ರ ತಯಾರಿಸಿದರೆ, ಮೀನು ಬರುವ ಮೊದಲೇ ತೊಟ್ಟಿ 20ರ ಒಳಗಿರಬೇಕಾದ ಗುರಿಯನ್ನು ದಾಟಿಬಿಟ್ಟಿರುತ್ತದೆ. ಕುಡಿಯಲು ಯೋಗ್ಯ ಎಂಬ ಮಾತು ತೊಟ್ಟಿಗೆ ಪ್ರಮಾಣಪತ್ರವಾಗುವುದಿಲ್ಲ. 2018ರಿಂದ ಕೆ.ಸಿ. ವ್ಯಾಲಿ ಯೋಜನೆಯಲ್ಲಿ ಬೆಂಗಳೂರಿನ ಸಂಸ್ಕರಿಸಿದ ನೀರು ಜಿಲ್ಲೆಯ ಕೆರೆಗಳಿಗೆ ಹರಿಯುತ್ತಿರುವುದರಿಂದ ಅಂತರ್ಜಲದ ಮಟ್ಟವೂ ಬದಲಾಗುತ್ತಿದೆ; ನಾಲ್ಕು ವರ್ಷದ ಹಿಂದೆ ಮಾಡಿಸಿದ ನೀರಿನ ಪರೀಕ್ಷೆಯ ಚೀಟಿಯನ್ನು ನಂಬಿ ಕೂರಬಾರದು.

ಬೇಕಾಗಿರುವುದು ಆರ್.ಒ. ನೀರು, ಅದನ್ನು ಮತ್ತೆ ಉಳಿದ ಲವಣಗಳನ್ನು ಹಿಡಿಯುವ ಡಿ.ಐ. ರಾಳದ ಕೊಳವೆಯ ಮೂಲಕ ಹಾಯಿಸಿ ಟಿ.ಡಿ.ಎಸ್. (ನೀರಿನಲ್ಲಿ ಕರಗಿದ ಒಟ್ಟು ಲವಣ) ಸೊನ್ನೆಗೆ ಇಳಿಸಿದ ನೀರು. 1000 ಟಿ.ಡಿ.ಎಸ್. ಇರುವ ನೀರನ್ನು ಒಳ್ಳೆಯ ಆರ್.ಒ. ಪೊರೆ 20-50ಕ್ಕೆ ತರುತ್ತದೆ, ಉಳಿದದ್ದನ್ನು ರಾಳ ಹಿಡಿಯುತ್ತದೆ. ಅಡುಗೆಮನೆಯ ಶುದ್ಧೀಕರಣ ಯಂತ್ರಗಳಲ್ಲಿ ಹಲವು ರುಚಿಗಾಗಿ ಸ್ವಲ್ಪ ಮೂಲನೀರನ್ನು ಅಥವಾ ಖನಿಜಗಳನ್ನು ಮತ್ತೆ ಬೆರೆಸುತ್ತವೆ, ಅದರ ನೀರನ್ನು ಅಳೆಯದೆ ಬಳಸಬಾರದು. ಊರಿನ ಶುದ್ಧ ಕುಡಿಯುವ ನೀರಿನ ಘಟಕದಿಂದ 20 ಲೀಟರಿನ ಕ್ಯಾನು ತರುವುದು ನನ್ನ ರೂಢಿ, ಏಕೆಂದರೆ ಮನೆಯಲ್ಲೇ ಆರ್.ಒ. ಇಟ್ಟು ಒಂದು ಲೀಟರಿಗೆ ಎರಡು-ಮೂರು ಲೀಟರ್ ಚರಂಡಿಗೆ ಬಿಡಲು ಈ ಜಿಲ್ಲೆಯಲ್ಲಿ ಮನಸ್ಸು ಒಪ್ಪುವುದಿಲ್ಲ. ಆದರೆ ಘಟಕದ ಪೊರೆ ಹಳೆಯದಾದಂತೆ ಅದೇ ಕ್ಯಾನಿನ ಟಿ.ಡಿ.ಎಸ್. ಒಂದು ತಿಂಗಳು 40, ಮತ್ತೊಂದು ತಿಂಗಳು 150 ತೋರಿಸಿದ್ದುಂಟು. ಕೆಲವು ನೂರು ರೂಪಾಯಿಯ ಟಿ.ಡಿ.ಎಸ್. ಪೆನ್ನನ್ನು ಪ್ರತಿ ಕ್ಯಾನಿಗೂ ಅದ್ದಿ ನೋಡುವುದು ಅಭ್ಯಾಸವಾಗಬೇಕು.

ಉಪ್ಪು ಬೆರೆಸುವಾಗ ಆಹಾರದರ್ಜೆಯ ಪ್ಲಾಸ್ಟಿಕ್ ಡ್ರಮ್ಮನ್ನೇ ಬಳಸಬೇಕು. ತಾಮ್ರದ ಹಂಡೆ, ಹಿತ್ತಾಳೆಯ ಕೊಳಾಯಿ ದೂರವಿರಲಿ. ಅಡುಗೆ ಉಪ್ಪಾಗಲಿ ಕಲ್ಲುಪ್ಪಾಗಲಿ ಆಗದು, ಅವು ಬಹುಪಾಲು ಸೋಡಿಯಂ ಕ್ಲೋರೈಡ್; ಕಡಲ ಉಪ್ಪಿನಲ್ಲಿ ಮೆಗ್ನೀಷಿಯಂ, ಕ್ಯಾಲ್ಸಿಯಂ, ಪೊಟ್ಯಾಷಿಯಂ, ಸಲ್ಫೇಟ್, ಬೈಕಾರ್ಬೊನೇಟ್ ಗೊತ್ತಾದ ಪ್ರಮಾಣದಲ್ಲಿ ಇರಬೇಕು. 20 ಲೀಟರ್ ನೀರಿಗೆ ಸುಮಾರು 700ರಿಂದ 760 ಗ್ರಾಂ ಅಕ್ವೇರಿಯಂ ಕಡಲ ಉಪ್ಪನ್ನು, ಪಂಪು ಓಡುತ್ತಿರುವಾಗ, ನೀರಿಗೆ ಸ್ವಲ್ಪ ಸ್ವಲ್ಪವಾಗಿ ಹಾಕಬೇಕು. ಉಪ್ಪಿನ ಮೇಲೆ ನೀರು ಸುರಿದರೆ ಕ್ಯಾಲ್ಸಿಯಂ ಕಾರ್ಬೊನೇಟ್ ಗರಣೆಗಟ್ಟಿ ತಳದಲ್ಲಿ ಬಿಳಿಯಾಗಿ ಕೂರುತ್ತದೆ. ಒಂದು ರಾತ್ರಿ ಕಲಕಿದ ಮೇಲೆ ಲವಣಾಂಶ ಮತ್ತು ಉಷ್ಣಾಂಶ ಎರಡೂ ತೊಟ್ಟಿಗೆ ಹೊಂದಿದರೆ ಮಾತ್ರ ಬಳಸಬೇಕು. ಒಣ ಉಪ್ಪನ್ನು ಮೀನಿರುವ ತೊಟ್ಟಿಗೆ ನೇರವಾಗಿ ಎಂದೂ ಸುರಿಯಬಾರದು.

ಪಿ.ಎಚ್. 7.8ರಿಂದ 8.4ರ ನಡುವೆ ಎಲ್ಲಿದ್ದರೂ ಅದನ್ನು ಕೆದಕದಿರುವುದು ಲೇಸು. ಅದಕ್ಕಿಂತ ಕೆಳಗಿದ್ದು ಕ್ಷಾರೀಯತೆ (ಪಿ.ಎಚ್. ಇಳಿಯದಂತೆ ತಡೆಯುವ ಶಕ್ತಿ) ಡಿ.ಕೆ.ಎಚ್. ಎಂಬ ಅಳತೆಯಲ್ಲಿ 7-11ರ ಒಳಗೇ ಇದ್ದರೆ, ಒಂದು ಲೋಟ ತೊಟ್ಟಿಯ ನೀರನ್ನು ಮನೆಯ ಹೊರಗಿಟ್ಟು ಒಂದು ಗಂಟೆ ಗಾಳಿಪಂಪಿನಿಂದ ಗಾಳಿಯೂದಿ ಮತ್ತೆ ಅಳೆಯಿರಿ, ಪಿ.ಎಚ್. ಏರಿದರೆ ದೋಷ ಕಿಟಕಿ ಮುಚ್ಚಿದ ಕೋಣೆಯ ಇಂಗಾಲದ ಡೈಆಕ್ಸೈಡಿನದು, ಸೋಡಾ ಸುರಿಯುವ ಬದಲು ಕಿಟಕಿ ತೆರೆದರಾಯಿತು.

ಮೊದಲ ವಾರಗಳಲ್ಲಿ ಮರಳಿನ ಮೇಲೆ ಹರಡುವ ಕಂದು ಧೂಳಿನಂಥ ಪಾಚಿ ಡಯಾಟಮ್. ನೀರಿನ ಸಿಲಿಕಾ ತೀರಿದರೆ ತಾನೇ ಹೋಗುತ್ತದೆ. ಹೋಗದೆ ತಿಂಗಳುಗಟ್ಟಲೆ ಉಳಿದರೆ ರಾಳ ಬದಲಿಸುವ ಕಾಲ ಬಂದಿದೆ.

ತೋಟ, ಸಿಂಪರಣೆ ಮತ್ತು ಸೀಗಡಿ

ಟೊಮೆಟೊ ಬೆಳೆಯುವ ಜಿಲ್ಲೆಯಲ್ಲಿ ಬದುಕುವವರು ಇದೊಂದನ್ನು ನೆನಪಿಡಬೇಕು. ಬೆಳೆಗೆ ಹೊಡೆಯುವ ಕೀಟನಾಶಕಗಳಲ್ಲಿ ಹಲವು ಕೀಟಗಳಷ್ಟೇ ಸುಲಭವಾಗಿ ಸೀಗಡಿ-ಏಡಿಗಳನ್ನೂ ಕೊಲ್ಲುತ್ತವೆ, ಏಕೆಂದರೆ ಎರಡರ ದೇಹರಚನೆ ಹತ್ತಿರದ್ದು. ಸಿಂಪರಣೆ ಮುಗಿಸಿ ಬಂದ ಕೈಯನ್ನು, ತೊಳೆದರೂ ಸರಿಯೇ, ಅಂದು ತೊಟ್ಟಿಗೆ ಹಾಕಬಾರದು. ಸೊಳ್ಳೆಗೆ ಹೊಡೆಯುವ ಸ್ಪ್ರೇ ಇರುವ ಕೋಣೆಯ ಗಾಳಿಯನ್ನು ಗಾಳಿಪಂಪು ನೇರವಾಗಿ ನೀರಿಗೆ ಊದುತ್ತದೆ. ಸೀಗಡಿಗಳು ಒಂದೇ ದಿನ ಸಾಲಾಗಿ ಸತ್ತರೆ ದೊಡ್ಡ ಪ್ರಮಾಣದಲ್ಲಿ ನೀರು ಬದಲಿಸಿ, ವಿಷವನ್ನು ಹೀರುವ ಇದ್ದಿಲಾದ ಆಕ್ಟಿವೇಟೆಡ್ ಕಾರ್ಬನ್ನನ್ನು ಹೊಸದಾಗಿ ಹಾಕುವುದು ತಕ್ಷಣದ ಕ್ರಮ.

ನೀರು ಸರಿಯಿದ್ದೂ ಮೀನು ಮಂಕಾಗಿದ್ದರೆ

ಇಷ್ಟನ್ನೂ ಪರೀಕ್ಷಿಸಿ ನೀರು ನಿರ್ದೋಷಿ ಎಂದಾದ ಮೇಲೆ ರೋಗದ ಕಡೆ ತಿರುಗಬಹುದು. ಮೈಮೇಲೆ ಎಣಿಸಬಹುದಾದ, ಚಿರೋಟಿ ರವೆಯ ಕಾಳಿನಂಥ ಬಿಳಿ ಚುಕ್ಕೆಗಳಿದ್ದರೆ ಅದು ಕ್ರಿಪ್ಟೊಕ್ಯಾರಿಯಾನ್ ಎಂಬ ಪರೋಪಜೀವಿ, ಹವ್ಯಾಸಿಗಳ ಮಾತಿನಲ್ಲಿ ಇಚ್. ಎಣಿಸಲಾಗದಷ್ಟು ಸಣ್ಣ, ಓರೆಬೆಳಕಿನಲ್ಲಿ ಅರಿಶಿನದ ಪುಡಿ ಉದುರಿದಂತೆ ಕಾಣುವ ಲೇಪವಿದ್ದು, ಮೀನು ಪಂಪಿನ ರಭಸಕ್ಕೆ ಮುಖವೊಡ್ಡಿ ಏದುಸಿರು ಬಿಡುತ್ತಿದ್ದರೆ ವೆಲ್ವೆಟ್ ಎಂಬ ಇನ್ನೊಂದು ಪರೋಪಜೀವಿಯ ರೋಗ. ಇದು ದಿನಗಳಲ್ಲೇ ಕೊಲ್ಲುತ್ತದೆ, ಕಾಯಲು ಸಮಯವಿಲ್ಲ. ಹೊಸದಾಗಿ ತಂದ ಕ್ಲೌನ್ ಮೀನಿನ ಚರ್ಮದ ಮೇಲೆ ಗಂಜಿಯ ಕೆನೆಯಂಥ ಲೋಳೆ ಪದರಪದರವಾಗಿ ಏಳುತ್ತಿದ್ದರೆ ಬ್ರೂಕ್ಲಿನೆಲ್ಲಾ ಎಂಬ ಪರೋಪಜೀವಿ. ಇದಕ್ಕೆ ತಾಮ್ರ ನಾಟುವುದಿಲ್ಲ, ಫಾರ್ಮಾಲಿನ್ ಬೇಕು, ಮತ್ತು ಆ ವಿಷವನ್ನು ಕೈಗವಸಿಲ್ಲದೆ, ಗಾಳಿಯಾಡದ ಕೋಣೆಯಲ್ಲಿ ಮುಟ್ಟಬಾರದು.

ಇಚ್ ಬಗ್ಗೆ ಒಂದು ಭ್ರಮೆ ಬಹಳ ಮೀನುಗಳನ್ನು ಬಲಿ ತೆಗೆದುಕೊಂಡಿದೆ. ಚುಕ್ಕೆಗಳು ಮೂರರಿಂದ ಏಳು ದಿನಗಳಲ್ಲಿ ತಾವಾಗಿಯೇ ಮಾಯವಾಗುತ್ತವೆ, ಆ ವಾರ ಹಾಕಿದ ಬೆಳ್ಳುಳ್ಳಿ ರಸಕ್ಕೋ ಯಾವುದೋ ಸೀಸೆಗೋ ಕೀರ್ತಿ ಸಲ್ಲುತ್ತದೆ. ನಿಜದಲ್ಲಿ ಪರೋಪಜೀವಿ ಮೀನಿನಿಂದ ಕಳಚಿ ಮರಳು-ಕಲ್ಲುಗಳ ಮೇಲೆ ಕೋಶ ಕಟ್ಟಿಕೊಂಡು ನೂರಾರು ಮರಿಗಳಾಗಿ ಒಡೆಯುತ್ತಿರುತ್ತದೆ, ಎರಡನೆಯ ಸಲ ಬರುವಾಗ ದಂಡು ಕಟ್ಟಿಕೊಂಡು ಬರುತ್ತದೆ. ಆದ್ದರಿಂದ ಚಿಕಿತ್ಸೆ ಪ್ರತ್ಯೇಕ ತೊಟ್ಟಿಯಲ್ಲಿ, ಮರಳು-ಕಲ್ಲುಗಳಿಲ್ಲದೆ ನಡೆಯಬೇಕು. ಮುಖ್ಯ ತೊಟ್ಟಿ ಆ ಅವಧಿಯಲ್ಲಿ ಒಂದು ಮೀನೂ ಇಲ್ಲದೆ ಖಾಲಿಯಿರಬೇಕು. ಬಹಳ ಕಾಲದಿಂದ ರೂಢಿಯಲ್ಲಿರುವ ಸುರಕ್ಷಿತ ಲೆಕ್ಕ 76 ದಿನ. ಸೀಗಡಿ, ಬಸವನಹುಳುಗಳು ಅಲ್ಲೇ ಇರಬಹುದು, ಅವುಗಳ ಮೇಲೆ ಈ ಜೀವಿ ಬದುಕುವುದಿಲ್ಲ.

ಚಿಕಿತ್ಸೆಯ ಮದ್ದು ತಾಮ್ರ. ದ್ರಾಕ್ಷಿಗೆ, ಟೊಮೆಟೊಗೆ ಹೊಡೆಯುವ ಮೈಲುತುತ್ತವೂ ತಾಮ್ರದ ಲವಣವೇ ಎಂದು ತಿಳಿದ ಮಿತ್ರರು ಒಂದು ಚಿಟಿಕೆ ಹಾಕಿ ನೋಡುವ ಸಾಹಸಕ್ಕೆ ಇಳಿಯುವುದನ್ನು ಕಂಡಿದ್ದೇನೆ. ರೋಗ ಹೋಗುವ ಪ್ರಮಾಣಕ್ಕೂ ಮೀನು ಹೋಗುವ ಪ್ರಮಾಣಕ್ಕೂ ಅಂತರ ತೀರಾ ಕಡಿಮೆ. ಅಕ್ವೇರಿಯಂಗೆಂದೇ ತಯಾರಾದ ತಾಮ್ರದ ದ್ರಾವಣವನ್ನು, ಅದರ ಸೀಸೆಯ ಮೇಲಿನ ಗುರಿಗೆ ತಕ್ಕಂತೆ, ತಾಮ್ರದ ಕಿಟ್ಟಿನಿಂದ ದಿನವೂ ಅಳೆಯುತ್ತಾ ಎರಡು ದಿನಗಳಲ್ಲಿ ಹಂತಹಂತವಾಗಿ ಏರಿಸಿ, 30 ದಿನ ಕಾಯ್ದುಕೊಳ್ಳಬೇಕು. ಆ ತೊಟ್ಟಿಯಲ್ಲಿ ಕಾರ್ಬನ್ ಇರಬಾರದು, ಅಮೋನಿಯಾವನ್ನು ಕಟ್ಟಿಹಾಕುವ ರಾಸಾಯನಿಕವನ್ನೂ ತಾಮ್ರದ ಜೊತೆ ಬೆರೆಸಬಾರದು. ಅಲ್ಲಿನ ಬಲೆ, ಪೈಪು, ಬಕೆಟ್ಟುಗಳಿಗೆ ಗುರುತು ಹಾಕಿಟ್ಟರೆ ಮುಖ್ಯ ತೊಟ್ಟಿಯ ಸೀಗಡಿಗಳು ಉಳಿಯುತ್ತವೆ.

ಮುಂದಿನ ಮೀನನ್ನು ತರುವಾಗ ಅಂಗಡಿಯಲ್ಲೇ ಎರಡು ಕೆಲಸ ಮಾಡಬೇಕು: ಮೀನು ತಿನ್ನುವುದನ್ನು ಕಣ್ಣಾರೆ ನೋಡುವುದು, ಅವರ ತೊಟ್ಟಿಯ ಸಾಂದ್ರತೆಯನ್ನು ಕೇಳಿ ಬರೆದುಕೊಳ್ಳುವುದು. ಹಲವರು ಉಪ್ಪಿನ ಖರ್ಚು ಉಳಿಸಲೂ ಪರೋಪಜೀವಿ ತಡೆಯಲೂ 1.018-1.020ರಲ್ಲಿ ಇಡುತ್ತಾರೆ, ಮನೆಯ ಪ್ರತ್ಯೇಕ ತೊಟ್ಟಿಯನ್ನು ಮೊದಲೇ ಆ ಅಂಕಿಗೆ ಹೊಂದಿಸಿಟ್ಟು ದಿನದಿನಕ್ಕೆ ಏರಿಸಬೇಕು. ದೂರದಿಂದ ಬಂದ ಚೀಲವನ್ನು ತೆರೆದು ಗಂಟೆಗಟ್ಟಲೆ ಹನಿಹನಿಯಾಗಿ ನೀರು ಬಿಡುವ ಪದ್ಧತಿ ಅಪಾಯಕರ. ಚೀಲದೊಳಗೆ ಇಂಗಾಲದ ಡೈಆಕ್ಸೈಡಿನಿಂದ ಪಿ.ಎಚ್. ಇಳಿದು ಅಮೋನಿಯಾ ನಿರುಪದ್ರವಿ ರೂಪದಲ್ಲಿ ಕುಳಿತಿರುತ್ತದೆ. ಚೀಲ ಬಿಚ್ಚಿದ ಕೂಡಲೇ ಪಿ.ಎಚ್. ಏರಿ ಅದು ವಿಷವಾಗುತ್ತದೆ. ಮುಚ್ಚಿದ ಚೀಲವನ್ನು ಅರ್ಧ ಗಂಟೆ ತೇಲಿಸಿ ಉಷ್ಣಾಂಶ ಹೊಂದಿಸಿ, ಬಿಚ್ಚಿದ ಮೇಲೆ ಮೀನನ್ನು ತಡಮಾಡದೆ ಬಿಡಬೇಕು, ಚೀಲದ ನೀರನ್ನು ತೊಟ್ಟಿಗೆ ಸುರಿಯಬಾರದು. ಸಾಧ್ಯವಾದರೆ ಸಾಕಾಣಿಕೆ ಕೇಂದ್ರದಲ್ಲೇ ಮರಿಯಾದ ಕ್ಲೌನ್ ಮೀನನ್ನು ಕೇಳಿ ಪಡೆಯಿರಿ, ಅದು ಒಣ ಮೇವಿಗೆ ಒಗ್ಗಿರುತ್ತದೆ. ಸಮುದ್ರದಿಂದ ಕಿತ್ತ ಹವಳ, ಸಮುದ್ರಕುದುರೆ, ಸಮುದ್ರಸೌತೆಗಳನ್ನು ಯಾರಾದರೂ ಅಗ್ಗಕ್ಕೆ ಕೊಡುತ್ತೇನೆಂದರೆ ಒಪ್ಪಬಾರದು. ಅವಕ್ಕೆ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ರಕ್ಷಣೆ ಇದೆ.